ಕೊನೆಯ ಪುಟ ಮೊದಲು ಓದುವವಳು

"ನಿಲ್ಲಿಸಿ. ಕೊಲೆಗಾರ ಯಾರು ಅಂತ ಹೇಳಿಬಿಟ್ರಿ ನೀವು."

ಹೆಡ್‌ಫೋನಿನಲ್ಲಿ ಆ ದನಿ ಕೇಳಿದ್ದೇ ತಡ, ಅವಳು ಪುಸ್ತಕದಿಂದ ತಲೆಯೆತ್ತಿದಳು. ಸ್ಟುಡಿಯೋದ ಗಾಜಿನ ಆಚೆ, ಮಂದ ಬೆಳಕಿನಲ್ಲಿ, ಅವಳ ಓದನ್ನು ಮುದ್ರಿಸಿಕೊಳ್ಳುವ ಅವನು ಕೂತಿದ್ದ. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ.

"ನಾನಿನ್ನೂ ಎರಡನೇ ಅಧ್ಯಾಯದಲ್ಲಿದ್ದೀನಿ ಸರ್! ಕೊಲೆಯೇ ಆಗಿಲ್ಲ!"

"ಆಗಿಲ್ಲ. ಆದ್ರೂ ಮಾಡೋನು ಆ ತೋಟದ ಮಾಲಿ. ಅಲ್ವಾ?"

ಹೌದು... ಮಾಲಿಯೇ!

"ನೀವು ಇದನ್ನ ಮೊದಲೇ ಓದಿದ್ದೀರಾ?"

"ಇಲ್ಲ. ಮಾಲಿ ಬಂದಾಗೆಲ್ಲ ನಿಮ್ಮ ದನಿ ಮೆತ್ತಗಾಗುತ್ತೆ. ಅಯ್ಯೋ ಪಾಪ ಅನ್ನೋ ಹಾಗೆ. ಅಧ್ಯಾಯದ ಮೊದಲಿಂದ ಓದಿ."

ಅಷ್ಟೇ. ಮತ್ತೆ ಧ್ವನಿಮುದ್ರಣದ ಕೆಂಪು ದೀಪ ಹತ್ತಿತು.

'ಮಹಾ ಮೌನಿಬಾಬಾ! ಬಾಯಿ ಬಿಟ್ಟರೆ ಮುತ್ತು ಉದುರುತ್ತೆ ಅಂದುಕೊಂಡರೆ ಕಲ್ಲು ಉದುರಿತು' ಎಂದು ಅವಳು ಮನಸ್ಸಿನಲ್ಲೇ ಗೊಣಗಿದಳು.

ಹಗಲು ಅವಳಿಗೆ ಕನ್ನಡಕದಂಗಡಿಯಲ್ಲಿ ಕೆಲಸ. ಸಂಜೆ ಈ ಸ್ಟುಡಿಯೋದಲ್ಲಿ ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸುವುದು. ಸಂಜೆಗಾಗಿಯೇ ಅವಳ ಹಗಲು ಉರುಳುತ್ತಿತ್ತು. ಪುಸ್ತಕವೆಂದರೆ ಅವಳಿಗೆ ಅಷ್ಟು ಪ್ರಾಣ, ಅದರಲ್ಲೂ ಪತ್ತೇದಾರಿ ಕಾದಂಬರಿಯೆಂದರೆ! ಒಂದೇ ಒಂದು ಚಟ... ಕೊನೆಯ ಪುಟ ಓದದೆ ಮೊದಲ ಪುಟ ತೆರೆಯುತ್ತಿರಲಿಲ್ಲ.

ಅವಳು ಚಿಕ್ಕವಳಿದ್ದಾಗ ಅಪ್ಪ "ಈಗ ಬಂದೆ ಪುಟ್ಟಿ" ಎಂದು ಹೊರಗೆ ಹೋದವನು ಜೀವಂತವಾಗಿ ಮರಳಿರಲಿಲ್ಲ. ಅಂದಿನಿಂದ, ಮುಂದೇನೆಂದು ತಿಳಿಯದೆ ಹೆಜ್ಜೆಯಿಡುವುದು ಅವಳಿಂದ ಆಗುತ್ತಿರಲಿಲ್ಲ. ಅಮ್ಮನಿಗೆ ಅದು ಗೊತ್ತಿತ್ತು. ಆದರೂ ಕಾಡಿಸುತ್ತಿದ್ದಳು: "ನಿಂದೊಳ್ಳೆ ಓದು ಕಣೇ! ಕೈ ತೊಳ್ಕೊಂಡು ಎದ್ದ ಮೇಲೆ ಊಟಕ್ಕೆ ಕೂತ ಹಾಗೆ!"

ಮಾಲಿಯ ಕಾದಂಬರಿ ಹಾಗೂ ಹೀಗೂ ಮುಗಿಯಿತು. ಒಂದೊಂದು ಅಧ್ಯಾಯಕ್ಕೂ ಅವನು "ಇನ್ನೊಂದ್ಸಲ" ಎನ್ನುವನು, ಅವಳು ಹಲ್ಲು ಕಚ್ಚುವಳು. ಬಿಡುವಿನಲ್ಲಿ ಮಾತ್ರ ಜಗಳಕ್ಕೆ ಜೀವ ಬರುತ್ತಿತ್ತು.

"ಒಳ್ಳೆ ಪತ್ತೇದಾರಿ ಬರೆಯೋರಷ್ಟು ಪ್ರಾಮಾಣಿಕರು ಯಾರೂ ಇಲ್ಲ ಸರ್. ಸುಳಿವನ್ನೆಲ್ಲ ನಮ್ಮ ಕಣ್ಮುಂದೇನೇ ಇಟ್ಟಿರ್ತಾರೆ. ಕಾಣದೇ ಇರೋದು ನಮ್ಮ ತಪ್ಪು. ನೀವು ಮೆಚ್ಚೋ ಈಗಿನ ಕಾದಂಬರಿಗಳೋ... ನೂರು ಪುಟ ಆದ್ರೂ ಕಥೆಯ ಹೆಂಗಸು ಕಿಟಕಿ ಹತ್ರದಿಂದ ಏಳೋದೇ ಇಲ್ಲ!"

"ಏಳಲ್ಲ ಅಂತಾನೇ ನನಗೆ ಎದೆ ಹೊಡ್ಕೊಳ್ಳುತ್ತೆ."

"ಒಂದು ಹೆಣ ಬೀಳೋದು ಬೇಡ್ವಾ?"

ಅವನು ನಕ್ಕ. ಮೊದಲ ಸಲ! ಆ ನಗುವಿಗೆ ತನ್ನ ಎದೆ ಯಾಕೆ ಹೊಡೆದುಕೊಂಡಿತು ಎಂದು ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಯೋಚಿಸಿದಳು.

ಮಾಲಿಯ ಕಾದಂಬರಿ ಸೇರಿದ್ದ ಪತ್ತೇದಾರಿ ಮಾಲೆಯ ಮುಂದಿನ ಪುಸ್ತಕಕ್ಕಾಗಿ ಅವಳು ಕಾಯುತ್ತಿದ್ದಾಗ, ಸ್ಟುಡಿಯೋ ನಡೆಸುವ ಅಕ್ಕ ಬೇರೆಯದನ್ನೇ ಕೈಗಿಟ್ಟರು. ತೆಳ್ಳನೆಯ, ಈಚಿನ ಕಾದಂಬರಿ. ಕೊಲೆಯಿಲ್ಲ, ಕಳ್ಳತನವಿಲ್ಲ. ಒಂದು ಮನೆ, ಒಬ್ಬ ಗಂಡ, ಒಬ್ಬಳು ಹೆಂಡತಿ.

"ಆ ಮಾಲೆ ಬೇರೆಯವರಿಗೆ ಹೋಯ್ತಮ್ಮ. ಇದನ್ನ ನಿನಗೇ ಕೊಡಿ ಅಂತ ಅವನೇ ಹೇಳಿದ."

ಅವಳ ಕಿವಿ ಬಿಸಿಯಾಯಿತು. ಅಂದರೆ... ಪತ್ತೇದಾರಿ ಓದುವುದು ತನ್ನಿಂದ ಆಗುವುದಿಲ್ಲ ಅಂತ! ಬಾಯಿ ತುಂಬ ಜಗಳವಾಡಿ, ನಕ್ಕು, ಬೆನ್ನ ಹಿಂದೆ ಹೀಗೆ...

"ಅಕ್ಕ, ಇದೊಂದು ಮುಗಿಸ್ತೀನಿ. ಆಮೇಲೆ ನನ್ನನ್ನ ಬೇರೆ ಯಾರ ಜೊತೆಗಾದ್ರೂ ಹಾಕಿ. ಅವರ ಜೊತೆ ಬೇಡ."

ಅಕ್ಕ ಅವಳ ಮುಖವನ್ನೇ ನೋಡಿ, "ಆಗ್ಲಿ, ಹೇಳ್ತೀನಿ" ಎಂದರು.

ಹೇಳಿದರು ಕೂಡ. ಅವನು ಸುಮ್ಮನೆ ತಲೆಯಾಡಿಸಿದನಂತೆ. ಯಾಕೆಂದೂ ಕೇಳಲಿಲ್ಲವಂತೆ! 'ಕೇಳಬಹುದಿತ್ತಲ್ಲ...'

ಅಂದು ರಾತ್ರಿ ಅಭ್ಯಾಸದಂತೆ ಕೊನೆಯ ಪುಟ ತೆರೆದಳು. ಹೆಂಡತಿ ಕಿಟಕಿಯ ಪರದೆ ಸರಿಸಿ ಬೀದಿ ನೋಡುತ್ತಾಳೆ. ಅಷ್ಟೇ! ಅವರು ಒಂದಾದರೋ ಬೇರಾದರೋ, ಒಂದು ಸುಳಿವೂ ಇಲ್ಲ. ಜೀವನದಲ್ಲಿ ಮೊದಲ ಸಲ ಕೊನೆಯ ಪುಟ ಅವಳಿಗೆ ಕೈಕೊಟ್ಟಿತ್ತು. ಗೊಣಗುತ್ತಲೇ ಮೊದಲ ಪುಟಕ್ಕೆ ಬಂದಳು.

ಓದುತ್ತಾ ಹೋದಂತೆ ಗೊಣಗಾಟ ನಿಂತಿತು. ಏನು ಪುಸ್ತಕ ಅದು! ಅದರಲ್ಲಿ ಯಾರೂ ಮನಸ್ಸಿನಲ್ಲಿರುವುದನ್ನು ಹೇಳುತ್ತಲೇ ಇರಲಿಲ್ಲ. ಆದರೆ ತಟ್ಟೆ ಇಡುವುದರಲ್ಲಿ, ಬಾಗಿಲು ಮೆಲ್ಲಗೆ ಎಳೆಯುವುದರಲ್ಲಿ ಎಲ್ಲವೂ ಇತ್ತು. ಇದೂ ಪತ್ತೇದಾರಿಯೇ ಅಲ್ಲವೇ? ಹೆಣವಿಲ್ಲ ನಿಜ, ಪತ್ತೆ ಹಚ್ಚಬೇಕಾದದ್ದು ಮಾತ್ರ ಪುಟಪುಟದಲ್ಲೂ ಇದೆ!

ಇದನ್ನು ಅವನಿಗೆ ಹೇಳಬೇಕು ಎನಿಸಿತು. ಆದರೆ ಈಗ ಇಬ್ಬರ ನಡುವೆ ಮಾತಿರಲಿಲ್ಲ. ಗಾಜು ಮಾತ್ರ ಇತ್ತು.

ಕೊನೆಯ ಸಂಜೆ ಬಂತು. ಕೆಂಪು ದೀಪ ಹತ್ತಿತು. ಅವಳು ಓದತೊಡಗಿದಳು. ಕಾದಂಬರಿಯ ಹೆಂಡತಿ ಮನೆ ಬಿಟ್ಟು ಹೋಗಲು ಸಿದ್ಧಳಾಗಿದ್ದಾಳೆ.

"ಹೋಗಬೇಡ ಎಂದು ಅವನು ಅನ್ನಲಿಲ್ಲ. ಹೊಸಿಲಾಚೆ ಬಿಸಿಲಿನಲ್ಲಿದ್ದ ಅವಳ ಚಪ್ಪಲಿಗಳನ್ನು... ನೆರಳಿಗೆ ಸರಿಸಿಟ್ಟ."

ಓದುತ್ತಿದ್ದವಳ ದನಿ ತಡವರಿಸಿತು.

ತನ್ನ ಬಲಗೈ ಪಕ್ಕದಲ್ಲಿ ಬಿಸಿನೀರಿನ ಲೋಟವಿತ್ತು. ಒಮ್ಮೆ ಅವಳು ಕೆಮ್ಮಿದ್ದಳು, ಅಂದಿನಿಂದ ದಿನವೂ ಇರುತ್ತಿತ್ತು. ಕಿರುಗುಟ್ಟುತ್ತಿದ್ದ ಕುರ್ಚಿ ಯಾವತ್ತೋ ಬದಲಾಗಿತ್ತು. ಮೈಕು ಅವಳು ಕತ್ತೆತ್ತಬೇಕಾಗದಷ್ಟು ಇಳಿದಿತ್ತು. ತಂಪುಗಾಳಿಯ ಯಂತ್ರದ ಬಾಯಿ ಅವಳತ್ತ ಬೀಸದಂತೆ ಗೋಡೆಯ ಕಡೆಗೆ ತಿರುಗಿತ್ತು. ತಿರುಗಿಸಿದ್ದು ಯಾರು?

'ಅಯ್ಯೋ, ದಡ್ಡಿ! ಎಷ್ಟು ಪುಸ್ತಕ ಓದಿ ಏನು ಬಂತು!'

ಅವಳು ತಲೆಯೆತ್ತಿದಳು. ಗಾಜಿನಾಚೆ ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ಮತ್ತೆ ಆ ವಾಕ್ಯದಿಂದಲೇ ಓದಿದಳು, ಅವನನ್ನೇ ನೋಡುತ್ತಾ. ದನಿ ಮೆತ್ತಗಾಯಿತು. ಆಗಲಿ ಬಿಡು ಎಂದುಕೊಂಡಳು. ಕೊನೆಯ ಸಾಲಿನವರೆಗೂ ಅವನು ನಿಲ್ಲಿಸಲಿಲ್ಲ.

ದೀಪ ಆರಿತು.

"ಒಂದು ಕಡೆ ತಡವರಿಸಿದೆ... ಇನ್ನೊಂದ್ಸಲ ಓದ್ಲಾ?"

"ಬೇಡ. ಅದು ಹಾಗೇ ಇರ್ಲಿ."

ಅವಳು ಹೆಡ್‌ಫೋನ್ ತೆಗೆದಿಟ್ಟು, ದಪ್ಪ ಬಾಗಿಲು ತಳ್ಳಿ ಅವನ ಎದುರಿಗೇ ಹೋಗಿ ನಿಂತಳು.

"ಆ ಮಾಲೆ ನನ್ನಿಂದ ಯಾಕೆ ಕಿತ್ಕೊಂಡ್ರಿ?"

"ಕಿತ್ಕೊಂಡೆ ಅಂದ್ಕೊಂಡ್ರಾ?" ಅವನು ಗಾಬರಿಯಾದ. "ಕೊಲೆಗಾರನ ಮೇಲೇ ಅಷ್ಟು ಕನಿಕರ ಇರೋ ದನಿ ರೀ ನಿಮ್ದು. ಯಾರದೂ ತಪ್ಪಿಲ್ಲದ ಪುಸ್ತಕದಲ್ಲಿ ಅದು ಹೇಗೆ ಕೇಳ್ಸುತ್ತೆ ಅಂತ... ಕೇಳ್ಬೇಕಿತ್ತು ನನಗೆ. ಈ ಪುಸ್ತಕ ನನ್ನ ಜೀವ. ಬೇರೆ ಯಾರೂ ಓದೋದು ಬೇಡ ಅನ್ನಿಸ್ತು."

"ಅದನ್ನ ಬಾಯಿ ಬಿಟ್ಟು ಹೇಳೋಕೇನಾಗಿತ್ತು?"

"ಸುಳಿವೆಲ್ಲ ಕಣ್ಮುಂದೇನೇ ಇಟ್ಟಿದ್ದೆನಲ್ಲ... ಕಾಣದೇ ಇರೋದು ಯಾರ ತಪ್ಪು ಅಂದಿದ್ರಿ?"

ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಂದೇ ತಪ್ಪು. ದಿನವಿಡೀ ಊರಿನವರಿಗೆಲ್ಲ ಕನ್ನಡಕ ಕೊಡ್ತೀನಿ, ನನಗೊಂದು ಇಟ್ಕೊಳ್ಳಲಿಲ್ಲ." ಕಣ್ಣೊರೆಸಿಕೊಂಡಳು. "ಆದ್ರೆ ನೀವೂ ಒಂದು ಮಾತು ಹೇಳ್ಬೇಕು. ಕಾದಂಬರಿಯವನು ಹೇಳದಿದ್ರೂ ಪರವಾಗಿಲ್ಲ. ನೀವು ಹೇಳ್ಬೇಕು."

ಅವನು ಮೇಜಿನ ಮೇಲಿದ್ದ ಹೆಡ್‌ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಅದನ್ನೂ ಅವಳು ಈಗ ಓದಬಲ್ಲವಳಾಗಿದ್ದಳು. ಆದರೂ ಕಾದಳು.

"ಹೋಗ್ಬೇಡಿ," ಅಂದ. "ನೀವಂದ್ರೆ ನನಗಿಷ್ಟ. ಬಹಳ."

"ನಂಗೂ..." ಎಂದಳು ಅವಳು. "ಅಕ್ಕನಿಗೆ ನಾಳೆ ನಾನೇ ಹೇಳ್ತೀನಿ. ನನಗೆ ಬೇರೆ ಯಾರೂ ಬೇಡ ಅಂತ."

ಅವನು ಎದ್ದು ಬಂದು, ಹೆದರುತ್ತಲೇ ಅವಳ ಕೈ ಹಿಡಿದ. ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡಳು.

"ಯಾಕೆ? ಭಯಾನಾ?"

"ಹೂಂ... ಇದರ ಕೊನೇ ಪುಟ ನಾನು ನೋಡಿಲ್ಲ."

"ನಾನೂ ನೋಡಿಲ್ಲ. ಏನು ಮಾಡೋಣ?"

ಅವಳು ಅವನ ಭುಜಕ್ಕೆ ಹಣೆ ಆನಿಸಿದಳು.

"ನಿಧಾನವಾಗಿ ಓದೋಣ ಬಿಡಿ..."