ಪೈಲ್ವಾನನ ತುಪ್ಪದ ಬಟ್ಟಲು

"ನೀವು... ಇಲ್ಲಿ?"

ಸಾಂಗ್ಲಿಯ ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲಲ್ಲಿ ಹೆಂಡತಿ ಶಾಲನ್ ಎದುರಾಗಿ ಕೇಳಿದಾಗ ಧೋಂಡಿರಾಮನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಲಕೋಟೆ ಬೆನ್ನ ಹಿಂದೆ ಹೋಯಿತು.

ಹುಡುಗರ ಕುಸ್ತಿ ತಾಲೀಮಿಗೆಂದು ಸುಳ್ಳು ಹೇಳಿ, ಬೆಳಗಾಗುತ್ತಲೇ ಖಾಲಿ ಹೊಟ್ಟೆಯಲ್ಲಿ ಹೊರಟುಬಂದಿದ್ದ. ಎಂಟು ತಿಂಗಳಿಂದ ಮಲಗುವುದೂ ಹೊರಗಿನ ಕೋಣೆಯಲ್ಲೇ. ಅವಳು ಕೈ ಹಿಡಿದರೆ 'ದಣಿವಾಗೈತಿ' ಎಂದು ಎದ್ದುಹೋಗುತ್ತಿದ್ದ. ಇನ್ನೊಬ್ಬಳು ಯಾರೋ ಇದ್ದಾಳೆ ಎಂದುಕೊಂಡೇ ಶಾಲನ್ ಅವನ ಹಿಂದೆಯೇ ಇನ್ನೊಂದು ಬಸ್ಸು ಹಿಡಿದು, ದಾರಿಯುದ್ದಕ್ಕೂ ವಿಚಾರಿಸುತ್ತ ಬಂದಿದ್ದಳು.

"ಯಾರ್ರೀ ಅಕಿ?"

"ಯಾವಕಿನೂ ಇಲ್ಲ ಮಾರಾಯ್ತಿ! ಮನಿಗಿ ನಡಿ."

"ಲಕೋಟಿ ಕೊಡ್ರಿ!"

ಕಸಿದು ತೆರೆದಳು. ಪ್ರೇಮಪತ್ರವಿರಲಿಲ್ಲ... ಬರೀ ಅಂಕಿಗಳು! ಧೋಂಡಿರಾಮ ಬೆಂಚಿನ ಮೇಲೆ ಕುಸಿದು ತಲೆ ತಗ್ಗಿಸಿದ.

"ಟೆಸ್ಟೋಸ್ಟೆರಾನ್ ಅಂತ... ಗಂಡಸಿನ ಕಸುವಿಗೆ ಬೇಕಾದ ಹಾರ್ಮೋನು. ಹೋದ ತಿಂಗಳೂ ಭಾಳ ಕಮ್ಮಿ ಇತ್ತು, ಈಗೂ ಅಷ್ಟ. ವಯಸ್ಸಾದಂಗ ಒಂದಿಷ್ಟು ಇಳಿತೈತಿ, ನಿಮ್ಮ ಹೊಟ್ಟಿ ಬೊಜ್ಜು ಇನ್ನಷ್ಟು ಇಳಿಸೈತಿ ಅಂದ್ರು ಡಾಕ್ಟರ್. ಸಕ್ರಿ ಕಾಯಿಲೆನೂ ಶುರುವಾಗೈತಿ. ಊರೆಲ್ಲಾ ಪೈಲ್ವಾನ ಅಂತೈತಿ, ಶಾಲನ್... ನಿನ್ನ ಮುಂದ ಹೆಂಗ ಹೇಳ್ಲಿ?"

ಶಾಲನ್ ಅವನ ಪಕ್ಕದಲ್ಲೇ ಕುಳಿತಳು.

ಅವನು ಕುಸ್ತಿ ಬಿಟ್ಟು ಹದಿನಾಲ್ಕು ವರ್ಷ. ಅಖಾಡದ ದಿನಗಳ ಖುರಾಕು, ಪೈಲ್ವಾನರ ಆ ಭಾರಿ ಆಹಾರ, ಮಾತ್ರ ನಿಂತಿರಲಿಲ್ಲ. ದಿನಾ ಬಟ್ಟಲು ತುಪ್ಪ, ಚೊಂಬು ತುಂಬ ಬಾದಾಮಿ ಹಾಲು, ಎಲ್ಲ ಅವಳ ಕೈಯಿಂದಲೇ. ಖುರಾಕು ನಿಲ್ಲಿಸಿದರೆ ಪೈಲ್ವಾನ ಮುಗಿದನೆಂದೇ ಅವರ ಓಣಿಯಲ್ಲಿ ಅರ್ಥ.

'ಅಯ್ಯೋ... ಪ್ರೀತಿ ಅಂತ ಬಡಿಸಿದ್ದು ನಾನೇ ಅಲ್ಲವೇ!'

"ಗುಳಿಗಿ ಕೊಟ್ಟಾರೇನು?"

"ಮೊದಲ ತುಪ್ಪ ಬಿಡ್ರಿ, ದಿನಾ ನಡೀರಿ, ತೂಕ ಇಳದ್ರ ಹಾರ್ಮೋನು ಏರಬಹುದು ಅಂದಾರ. ಹೋದ ತಿಂಗಳನ ಅಂದಿದ್ರು."

"ಮತ್ತ ನಿನ್ನೆನೂ ಬಟ್ಟಲು ಖಾಲಿ ಮಾಡಿದ್ರಿ?"

"ನೀ ಎದುರಿಗೆ ನಿಂತು ಕೊಡ್ತಿ... ಅದನ್ನ ಬ್ಯಾಡ ಅಂದ್ರ ನಿನ್ನನ್ನ ಬ್ಯಾಡ ಅಂದಂಗ ಆಗ್ತಿತ್ತು."

ಅವಳಿಗೆ ಅಳು ಒತ್ತರಿಸಿ ಬಂತು. ಇಂಥವನ ಮೇಲೆಯೇ ಎಂಟು ತಿಂಗಳು ಅನುಮಾನಪಟ್ಟಿದ್ದಳು!

ಬಸ್ ನಿಲ್ದಾಣ ದೂರವಿತ್ತು. ರಿಕ್ಷಾದವನು ಕರೆದರೂ ಶಾಲನ್ ಬೇಡವೆಂದಳು. ನೂರು ಹೆಜ್ಜೆಗೇ ಧೋಂಡಿರಾಮ ಏದುಸಿರು ಬಿಡತೊಡಗಿದ. ಅವಳು ನಿಂತು ಅವನ ಕೈ ಹಿಡಿದಳು.

"ಏ, ಮಂದಿ ನೋಡ್ತಾರ!"

"ನೋಡ್ಲಿ. ಇವತ್ತ ಹಾಸಿಗಿ ಒಳಗ ತರ್ರಿ."

ಅವನು ದನಿ ತಗ್ಗಿಸಿದ. "ಶಾಲನ್... ಆ ಹಾರ್ಮೋನು ಏರಲೇ ಇಲ್ಲಂದ್ರ?"

"ಬರೇ ಕೈ ಹಿಡಕೊಂಡು ಮಲಗೂಣು. ಎಂಟು ತಿಂಗಳಾತು, ನನಗ ನಿದ್ದಿ ಇಲ್ರಿ..."