ಸಂತಪುರದ ಶರತ್ಕಾಲ

“ಛಂದ ಅದ ಅಂದು ಹೋಗ್ರಿ ಸರ. ಆ ಚಿತ್ರದಾಗ ಎಂಥ ಭಾವ ಅದ ಅಂತ ಮಾತ್ರ ಬಾಯಿಬಿಟ್ಟು ಹೇಳಬ್ಯಾಡ್ರಿ. ಹೇಳಿದವ್ರಿಗಿ ಆ ಭಾವನೇ ಹತ್ಕೋತದ.”

ತೀರಿಹೋದ ಚಿತ್ರಕಾರನ ಹೆಂಡತಿ ಪುತಳಾಬಾಯಿಯ ಮಾತಿಗೆ ದಿಲೀಪ ನಕ್ಕ. ಮೈಸೂರಿನಿಂದ ಬೀದರಿನ ಕಾಲೇಜಿಗೆ ಹೊಸದಾಗಿ ಬಂದ ಚಿತ್ರಕಲೆಯ ಮೇಷ್ಟ್ರು ಅವನು. ಪ್ರದರ್ಶನಕ್ಕೆ ಚಿತ್ರ ಆರಿಸಲು ಸಂತಪುರಕ್ಕೆ ಬಂದಿದ್ದ. ಕಂಡ ಚಿತ್ರಕ್ಕೆಲ್ಲ ಒಂದು ಅರ್ಥ ಅಂಟಿಸದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ. ತಾಯಿಯಿಲ್ಲದ ಮಗಳು ಮೇಘಾಳ ಕೈಯನ್ನು ಮಾತ್ರ ಎಲ್ಲಿ ಹೋದರೂ ಬಿಡುತ್ತಿರಲಿಲ್ಲ. ಅವನಲ್ಲಿ ಮೆಚ್ಚುವಂಥದ್ದು ಅದೊಂದೇ ಇತ್ತು.

“ಏನಜ್ಜಿ, ಚಿತ್ರಕ್ಕೂ ಮಾಟ ಮಾಡಿಸಿದ್ದೀರಾ?”

“ಮಾಟ ಹೊಲಕ್ಕ ಮಾಡಿದ್ದು ರೀ. ನನ್ನ ಮೈದುನ ಗೊಂಬಿ ಮಾಡಿ ಹೂಳಿಸಿದ್ದ. ನಮ್ಮನಿಯವ್ರು ಗೊತ್ತಿಲ್ದೆ ಅದೇ ಮಣ್ಣು ಅರದು ಬಣ್ಣ ಮಾಡಿ ಈ ಚಿತ್ರ ಬರದ್ರು. ನನ್ನ ಮಗ ಭಾವ ಹೇಳಿದ್ದ. ಅಪ್ಪನ ಹೆಣ ಮನ್ಯಾಗಿದ್ರ, ಬಾಜೂಕ ಕೂತು ರೊಟ್ಟಿ ತಿಂದ.”

“ಹಸಿವಾಗಿರಬೇಕು ಬಿಡಿ.”

ಕಿಟಕಿಯಿಲ್ಲದ ಕೋಣೆ. ಅಗಸೆ ಎಣ್ಣೆಯ ಕಮಟು, ಅದರಡಿಯಲ್ಲಿ ಸುಟ್ಟ ಕೂದಲಿನಂಥ ವಾಸನೆ. ದಿಲೀಪ ಚಿತ್ರಕ್ಕೆ ಮೊಬೈಲಿನ ಬೆಳಕು ಹಿಡಿದ. ಕೊಯ್ದ ಸೋಯಾ ಹೊಲ, ಕಪ್ಪು ಮಣ್ಣು, ಬದುವಿನುದ್ದಕ್ಕೂ ತೊಗರಿಯ ಹಳದಿ ಹೂ, ಒಂದೂ ಹಕ್ಕಿಯಿಲ್ಲದ ಬಿಳಿ ಆಕಾಶ.

“ಶರತ್ಕಾಲ ಅಂದರೆ ವಿಷಾದ ಅಂತಾರೆ, ದಡ್ಡರು. ಇದರಲ್ಲಿರೋದು ತಾತ್ಸಾರ. ಯಾರು ಇದ್ದರೇನು, ಯಾರು ಸತ್ತರೇನು ಅನ್ನೋ ತಾತ್ಸಾರ.”

ಪುತಳಾಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಅಂದೇಬಿಟ್ರಿ?”

ಹೊರಗೆ ಕುರಿಗಳ ಸದ್ದು ನಿಂತಿತು. ಅವನ ಎದೆಯೊಳಗೆ ಏನೋ ತಣ್ಣಗೆ ಬಂದು ಕೂತಿತು, ಒದ್ದೆ ಮಣ್ಣಿನ ಹೆಂಟೆಯ ಹಾಗೆ. ಮೇಘಾಳ ಅಂಗೈ ಬೆವರುತ್ತಿತ್ತು. ಹೇಸಿಗೆಯೆನಿಸಿತು. ಬಿಟ್ಟ.

ಹುಡುಗಿ ಹಿತ್ತಲಿಗೆ ಓಡಿದಳು. ಅಲ್ಲಿ ಕಟ್ಟೆಯಿಲ್ಲದ ಬಾವಿ. ಅವನು ಹಿಂದೆಯೇ ಬಂದ. ನೋಡಿದ. ಅವಳು ಬಗ್ಗಿದಳು. ಅವನು ಕೂಗಲಿಲ್ಲ. ಕಾಲು ಜಾರಿತು. “ಪಪ್ಪಾ!” ನೀರು ಸಿಡಿಯಿತು. ಅವನು ಅಂಚಿಗೆ ಬಂದು ನಿಂತ. ಕಪ್ಪು ನೀರಿನಲ್ಲಿ ಕೆಂಪು ಫ್ರಾಕು ಅರಳಿತು. ಮುಳುಗಿತು. ಮತ್ತೆ ಅರಳಿತು.

ಪುತಳಾಬಾಯಿ ಕಿರುಚಿದಳು. ಓಣಿಯ ಗಂಡಸರು ಓಡಿ ಬಂದು ಧುಮುಕಿದರು. ಮೇಲೆತ್ತಿದರು. ಬೋರಲು ಹಾಕಿ ನೀರು ಕಕ್ಕಿಸಿದರು. ಉಸಿರು ಬಂತು.

“ಕೂಸು ಉಳೀತ್ರಿ ಸರ! ಎತ್ಕೋರಿ!”

ನಡುಗುತ್ತಿದ್ದ ಹುಡುಗಿ ಅಪ್ಪನ ಕಡೆ ಎರಡೂ ಕೈ ಚಾಚಿದಳು.

ದಿಲೀಪ ತಲೆ ವಾರೆ ಮಾಡಿ ನೋಡಿದ.

“ಮುಳುಗುವಾಗಲೇ ಬಣ್ಣ ಚೆನ್ನಾಗಿತ್ತು,” ಅಂದ.