ಅಂಕಲಿಯಲ್ಲಿ ಮನೆ ಮಾರಾಟಕ್ಕಿದೆ

ಅಂಕಲಿಯ ಮನೆಯ ಬಾಗಿಲು ತೆರೆದೇ ಇತ್ತು. ಬೀಗದ ಕೈ ತನ್ನ ಪರ್ಸಿನಲ್ಲಿರುವಾಗ ಒಳಗೆ ಬಂದವರು ಯಾರು? ನೀಲಮ ಹೆದರುತ್ತಲೇ ಹೊಸ್ತಿಲು ದಾಟಿದಳು.

ಪಡಸಾಲೆಯಲ್ಲಿ ಅಪರಿಚಿತನೊಬ್ಬ ಮಂಡಿಯೂರಿ ಕುಳಿತು ತಂತಿ ಬ್ರಶ್ಶಿನಿಂದ ಗೋಡೆ ಉಜ್ಜುತ್ತಿದ್ದ. ಸೊಂಟದೆತ್ತರಕ್ಕಿದ್ದ ಕೆಂಪು ಗೆರೆ ಅರ್ಧಕ್ಕರ್ಧ ಮಾಯವಾಗಿತ್ತು. ಗೆರೆಯ ಕೆಳಗೆ ‘ಇಲ್ಲಿತನ ನೀರು ಬಂದಿತ್ತು’ ಎಂಬ ಬರಹದಲ್ಲಿ ಕೊನೆಯ ಎರಡು ಪದಗಳಷ್ಟೇ ಮಸುಕಾಗಿ ಉಳಿದಿದ್ದವು.

“ಕೈ ತಗೀರಿ ಅಲ್ಲಿಂದ!”

ಅವನು ಬೆಚ್ಚಿ ಎದ್ದು ನಿಂತ. ಮುಖದ ತುಂಬ ಸುಣ್ಣದ ಧೂಳು.

“ಜ್ಞಾನದೇವ ಅಣ್ಣಾರು ಕೀಲಿ ಕೊಟ್ಟಾರ್ರಿ. ಗ್ವಾಡಿ ಮ್ಯಾಲಿನ ಗುರ್ತು ಮದಲ ತಗಿ ಅಂದಾರ.”

“ಅದು ಗುರ್ತಲ್ಲ. ನಮ್ಮಪ್ಪನ ಅಕ್ಷರ.”

ಅವನು ಬ್ರಶ್ಶನ್ನು ಮೆಲ್ಲಗೆ ಕೆಳಗಿಟ್ಟ. “ನನಗ ಗೊತ್ತಿರಲಿಲ್ರಿ. ಆದ್ರ ಕೇಳಬೇಕಿತ್ತು. ತಪ್ಪಾತು.”

ಜಗಳಕ್ಕೆ ಸಿದ್ಧಳಾಗಿ ನಿಂತಿದ್ದ ನೀಲಮ ಅವನ ಹೆಸರು ಕೇಳಿದಳು.

ಅವನ ಹೆಸರು ಸಮಾಧಾನ. ರಾಯಬಾಗದವನು. ಹಳೆಯ ಮನೆಗಳನ್ನು ರಿಪೇರಿ ಮಾಡಿಸಿ, ಬಣ್ಣ ಬಳಿಸಿ, ಗಿರಾಕಿ ಹುಡುಕಿ ಮಾರಿಸಿಕೊಡುವುದು ಅವನ ಉದ್ಯೋಗ. ಇಚಲಕರಂಜಿಯಲ್ಲಿದ್ದ ನೀಲಮಳ ಅಣ್ಣ ಜ್ಞಾನದೇವ, ತಂಗಿಗೆ ತಿಳಿಸದೆ ಅವನನ್ನು ಗೊತ್ತುಮಾಡಿದ್ದ.

ಮನೆ ಮಾರಬೇಕೆಂದು ಮೊದಲು ಹೇಳಿದವಳು ಮಾತ್ರ ತಾಯಿ ಅಕ್ಕುತಾಯಿ. 2019ರಲ್ಲಿ ಕೃಷ್ಣಾ ನದಿ ಊರೊಳಗೆ ನುಗ್ಗಿ ಬಂದಿತ್ತು. ನೀರಿಳಿದ ಮೇಲೆ ಅಪ್ಪ ತಾನೇ ಬಣ್ಣ ತಂದು ಆ ಗೆರೆ ಎಳೆದಿದ್ದ. ಮರುವರ್ಷ ಅಪ್ಪನೂ ಹೋದ. ಆಮೇಲೆ ಪ್ರತಿ ಮಳೆಗಾಲ ಹೊಳೆ ಏರಿತೆಂದರೆ ಅಕ್ಕುತಾಯಿಗೆ ನಿದ್ದೆಯಿಲ್ಲ. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನೀಲಮ ತಾಯಿಯನ್ನು ತನ್ನ ಬಾಡಿಗೆ ಮನೆಗೆ ಕರೆದೊಯ್ದಿದ್ದಳು. ಅಂಕಲಿಯ ಮನೆ ಮಾರಿ ಚಿಕ್ಕೋಡಿಯಲ್ಲೇ ಎತ್ತರದಲ್ಲೊಂದು ಸಣ್ಣ ಮನೆ ಕೊಳ್ಳುವ ಆಸೆ ಅವರದು.

ರಜೆ ಸಿಕ್ಕಾಗಲೆಲ್ಲ ತಾಯಿ, ಮಗಳು ಅಂಕಲಿಗೆ ಬರತೊಡಗಿದರು. ಅಟ್ಟದ ಹಿತ್ತಾಳೆ ಪಾತ್ರೆಗಳನ್ನು ಇಳಿಸಿದರು, ನಂಟರಿಗೆ ಕೊಡುವುದನ್ನು ಕೊಟ್ಟರು. ನೀರಿಗೆ ಉಬ್ಬಿ ಮುಚ್ಚದಾಗಿದ್ದ ಅಡುಗೆಮನೆಯ ಬಾಗಿಲನ್ನು ಸಮಾಧಾನ ಕೆತ್ತಿಸಿ ಕೂಡಿಸಿದ. ಹಿತ್ತಿಲಿನ ಕಲ್ಲು, ಕಸ ತೆಗೆಸಿದ. ಪಂಚಾಯಿತಿಯ ಆಸ್ತಿ ದಾಖಲೆಯಾದ ಉತಾರದಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು. ಅದನ್ನು ಮೂವರ ಹೆಸರಿಗೆ ಮಾಡಿಸಲು ಅಕ್ಕುತಾಯಿಯನ್ನು ಅವನೇ ಕರೆದೊಯ್ದು, ಸರದಿ ಬರುವವರೆಗೆ ಎಲ್ಲಿಂದಲೋ ಕುರ್ಚಿ ತಂದು ಕೂಡಿಸಿದ.

ಪಡಸಾಲೆಗೆ ಯಾವ ಬಣ್ಣ ಎಂದು ಅವನು ಪ್ರತಿ ಸಲ ನೀಲಮಳನ್ನೇ ಕೇಳುತ್ತಿದ್ದ. ಮಾರುವ ಮನೆಗೆ ತನಗೆ ಇಷ್ಟವಾದ ಬಣ್ಣ ಯಾಕೆ ಎಂದು ಅವಳು ಒಮ್ಮೆ ನಕ್ಕಳು. ಇನ್ನೂ ಮಾರಿಲ್ಲವಲ್ಲ ಎಂದು ಅವನೂ ನಕ್ಕ. ಮನೆಯೆಲ್ಲ ತಿಳಿ ಹಸಿರಾಯಿತು. ಅಪ್ಪನ ಅಕ್ಷರ ಉಳಿದಿದ್ದ ಗೋಡೆಯನ್ನು ಮಾತ್ರ ಅವನು ಮುಟ್ಟಲಿಲ್ಲ.

ಬಸ್ಸಿನಲ್ಲಿ ವಾಪಸು ಹೋಗುವಾಗ ಕಿಟಕಿಗೆ ತಲೆಯಾನಿಸಿ ನೀಲಮ ಆ ನಗೆಯನ್ನೇ ನೆನೆಯುತ್ತಿದ್ದಳು. ಮನೆ ಬೇಗ ಮಾರಿಹೋಗದಿರಲಿ ಎಂದು ಮನಸ್ಸು ಬಯಸಿದಾಗ ಅವಳಿಗೇ ಗಾಬರಿಯಾಯಿತು.

ಆದರೆ ಗಿರಾಕಿ ಸಿಕ್ಕೇ ಬಿಟ್ಟ.

ನಿಪ್ಪಾಣಿಯ ತಂಬಾಕು ವ್ಯಾಪಾರಿ ಅಣ್ಣಾಸಾಬ ಮನೆಯನ್ನೆಲ್ಲ ಸುತ್ತಾಡಿ ನೋಡಿದ. ಮೆಚ್ಚಿಕೊಂಡ. ಗುರುವಾರ ಮುಂಗಡ ಕೊಡುವ ಮಾತೂ ಆಡಿದ. ಗೋಡೆಯ ಅರೆಬರೆ ಅಕ್ಷರ ಕಂಡು, ಇದೇನು ಮಕ್ಕಳ ಗೀಚಾಟವೇ ಎಂದು ಕೇಳಿದ.

ನೀಲಮ ಸಮಾಧಾನನ ಕಡೆ ನೋಡಿದಳು. ಅವನು ಬಾಯಿ ತೆರೆಯುವ ಮೊದಲೇ ತಾನೇ ಹೇಳಿಬಿಟ್ಟಳು. “ಮಹಾಪೂರ ಬಂದಾಗ ನೀರು ಇಲ್ಲಿತನ ನಿಂತಿತ್ರಿ. ಗೊತ್ತಿದ್ದೇ ತಗೋರಿ.”

ಅಣ್ಣಾಸಾಬನ ಮುಖ ಇಳಿಯಿತು. ಮನೆಯಲ್ಲಿ ಕೇಳಿ ಹೇಳುವೆನೆಂದು ಕಾರು ಹತ್ತಿದ. ಮತ್ತೆ ಬರಲಿಲ್ಲ.

ಸಮಾಧಾನನೂ ಹೋಗಿ ಬರುತ್ತೇನೆಂದಷ್ಟೇ ಹೇಳಿ ಗಾಡಿ ಹತ್ತಿ ಹೋದ. ಅವಳು ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ದಿನ, ಎರಡು ದಿನ... ವಾರ ಕಳೆಯಿತು.

ಅತ್ತ ಜ್ಞಾನದೇವ, ನೀನು ಇಷ್ಟು ಸತ್ಯವಂತೆಯಾದರೆ ಮನೆ ಜನ್ಮದಲ್ಲಿ ಮಾರುವುದಿಲ್ಲ ಎಂದು ರೇಗಿದ. ಅದಕ್ಕೆ ಅವಳಿಗೆ ನೋವಾಗಲಿಲ್ಲ. ವ್ಯವಹಾರ ಮುರಿದೊಡನೆ ಸಮಾಧಾನ ಹೀಗೆ ಮುಖ ತಪ್ಪಿಸಿದನಲ್ಲ, ಆ ನಗೆಯೆಲ್ಲ ದಲಾಲಿಗಷ್ಟೇ ಇತ್ತೇ? ವಾರ್ಡಿನಲ್ಲಿ ರೋಗಿಯ ನಾಡಿ ಹಿಡಿದು ನಿಂತಾಗಲೂ ಅದೇ ಯೋಚನೆ. ‘ನಾನೆಂಥ ಹುಚ್ಚಿ’ ಎಂದು ತನ್ನನ್ನೇ ಬೈದುಕೊಂಡಳು.

ಮುಂದಿನ ಭಾನುವಾರ ಅವನ ಫೋನ್ ಬಂತು. ಗಿರಾಕಿ ಬರುತ್ತಾರೆ, ಅಂಕಲಿಗೆ ಬನ್ನಿ ಎಂದ. ಅಷ್ಟೇ.

ಬಂದವರು ಅದೇ ಊರಿನ ಮೌಲಾಲಿ ಮತ್ತು ಅವನ ಹೆಂಡತಿ ಸಕೀನಾಬಿ. ಹೊಳೆಯ ಕಡೆಗಿದ್ದ ಕೆಳಗಿನ ಓಣಿಯವರು. ನೀಲಮ ಸಮಾಧಾನನತ್ತ ನೋಡದೆ ನೇರ ಗೋಡೆಯ ಬಳಿ ಹೋಗಿ, ನೀರಿನ ವಿಷಯ ಶುರುಮಾಡಿದಳು.

ಸಕೀನಾಬಿ ಅವಳ ಕೈ ಹಿಡಿದು ತಡೆದಳು.

“ಎಲ್ಲಾ ಹೇಳ್ಯಾನ್ ಬೇಟಿ ಅವ. ನಮ್ಮ ಮನ್ಯಾಗ ನೀರು ಮಾಳಗಿ ಮುಟ್ಟಿತ್ತು. ಇಲ್ಲಿ ಸೊಂಟಕ್ಕ ನಿಂತೈತಿ ಅಂದ್ರ, ಇದು ನಮಗ ಗುಡ್ಡ ಇದ್ದಂಗ.”

ಗೆರೆಯ ಪಕ್ಕದಲ್ಲಿ ನಿಂತು ಅವಳು ತನ್ನ ಸೊಂಟಕ್ಕೆ ಅಳತೆ ನೋಡಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, ಈ ಹುಡುಗ ವಾರವೆಲ್ಲ ಓಣಿ ಓಣಿ ತಿರುಗಿದ, ಮನೆ ತೋರಿಸುವ ಮೊದಲೇ ಮಹಾಪೂರದ ಮಾತು ಹೇಳುತ್ತಿದ್ದ, ಕೇಳಿದವರೆಲ್ಲ ಬಾಗಿಲಲ್ಲೇ ಬೇಡ ಎನ್ನುತ್ತಿದ್ದರು ಎಂದಳು.

ನೀಲಮಳ ಕಣ್ಣು ತುಂಬಿತು. ಸಮಾಧಾನ ಅಂಗಳದಲ್ಲಿ ಮೌಲಾಲಿಗೆ ನಲ್ಲಿಯ ನೀರು ಬಿಟ್ಟು ತೋರಿಸುತ್ತಿದ್ದ.

ನೋಂದಣಿಯ ದಿನ ಜ್ಞಾನದೇವನೂ ಚಿಕ್ಕೋಡಿಗೆ ಬಂದ. ತಾಯಿ, ಮಗ, ಮಗಳು ಮೂವರೂ ಸಹಿ ಹಾಕಿದರು. ಹೆಬ್ಬೆಟ್ಟು, ಫೋಟೊ ಎಲ್ಲ ಆಯಿತು. ಅಕ್ಕುತಾಯಿ ಕೀಲಿಯನ್ನು ಸೆರಗಿನಿಂದ ಒರೆಸಿ ಸಕೀನಾಬಿಯ ಅಂಗೈಯಲ್ಲಿಟ್ಟಳು. ಮನಸ್ಸಾದಾಗ ಬಂದು ಚಹಾ ಕುಡಿದು ಹೋಗಬೇಕೆಂದು ಸಕೀನಾಬಿ ಅವಳನ್ನು ತಬ್ಬಿಕೊಂಡಳು.

ಎಲ್ಲರೂ ಮುಂದೆ ನಡೆದರು. ಕಚೇರಿಯ ಹೊರಗಿನ ಬೇವಿನ ಮರದಡಿ ಸಮಾಧಾನ ನಿಂತೇ ಇದ್ದ. ನೀಲಮ ಅವನ ಹತ್ತಿರ ಬಂದಳು.

“ಫೋನ್ ಯಾಕ ಎತ್ತಲಿಲ್ರಿ?”

“ಎತ್ತಿ ಏನ್ ಹೇಳ್ಲಿ? ಗಿರಾಕಿ ಸಿಗಲಿಲ್ಲ ಅಂತ ಹ್ಯಾಂಗ ಹೇಳ್ಲಿ? ನೀವು ಖರೇ ಹೇಳಿದ್ದು ಚಲೋ ಆತು ಅನಸಬೇಕಿತ್ರಿ ನಿಮಗ.”

“ನಾ ಏನೇನೋ ತಿಳಕೊಂಡಿದ್ನಿ.”

“ಗೊತ್ತಾಗಿತ್ತು.” ಅವನು ನೆಲ ನೋಡುತ್ತ ನಿಂತ. “ಒಂದ ಮಾತ ಐತ್ರಿ. ನನಗ ಮದಲ ಮದುವಿ ಆಗಿತ್ತು. ಕೂಡಿ ಬರಲಿಲ್ಲ, ಕೋರ್ಟಿನ್ಯಾಗ ಮುಗದೈತಿ. ಇದನ್ನ ಕೇಳಿದ ಮ್ಯಾಲೂ ನಿಮಗ...”

ನೀಲಮಳ ತುಟಿಯಲ್ಲಿ ನಗು ಮೂಡಿತು.

“ಗೊತ್ತೈತ್ರಿ. ಅವ್ವ ಯಾವಾಗೋ ನಿಮ್ಮ ವಿಚಾರಣಿ ಮಾಡ್ಯಾಳ. ರಾಯಬಾಗತನ ಮಂದೀನ್ನ ಕೇಳ್ಯಾಳ.”

“ಅಂದ್ರ... ನಿಮ್ಮ ಮನಸಿನ ಮಾತು ಅವರಿಗೆ ಹ್ಯಾಂಗ ತಿಳೀತು?”

“ನನ್ನ ಮಾರಿ ಮ್ಯಾಲಿನ ನಗಿ ನೋಡಿ ತಿಳಕೊಂಡಾಳ.”

ಸಮಾಧಾನ ತಲೆಯೆತ್ತಿ ಅವಳ ಮುಖ ನೋಡಿದ.

“ಮನಿ ಮಾರೂದು ಮುಗೀತು. ಇನ್ನ ನಿಮಗ ಫೋನ್ ಹಚ್ಚಾಕ ನನಗ ನೆವ ಇಲ್ರಿ.”

“ನೆವ ಇಲ್ಲದೇ ಹಚ್ಚು,” ಎಂದಳು ನೀಲಮ.

ಅವಳು ‘ರಿ’ ಬಿಟ್ಟು ಅವನನ್ನು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಅವನಿಗದು ಕೇಳಿಸಿತು.

“ಹಚ್ಚತೇನಿ,” ಎಂದ ಅವನು. “ನೀ ಎತ್ತು ಮತ್ತ.”